ಅತಿರು

ಪಂಚಾಯತಿನ ಕಾಗದ ಬಂದದ್ದು ಸೋಮವಾರ, ಮಲೆಯಾಳದಲ್ಲಿ.
ಹಂದಿ ಹೊಡೆಯಬಹುದು, ತಿನ್ನಬಾರದು,
ಸೀಮೆಎಣ್ಣೆ ಸುರಿದು ಹೂಳಬೇಕು.
ಉಳಿದ ಪುಟ ಮಗಳು ಓದಿ ಹೇಳಿದಳು:
ಜಾಗದ ಒಡೆಯರ ಒಪ್ಪಿಗೆ, ಒಬ್ಬೊಬ್ಬರದ್ದೂ, ರುಜು ಸಮೇತ.

ಯಾರದೋ ಮದುವೆ ಕಾಗದದ ಬೆನ್ನಿಗೆ ನಕ್ಷೆ ಬರೆದೆ.
ಇಲ್ಲಿ ಪಾರೆ, ಇಲ್ಲಿ ತೋಡು, ಇದು ಹಂದಿ ಇಳಿಯುವ ಓಣಿ,
ಆದೂರಿನ ಕಡೆಯಿಂದ ಗಾಳಿ ಬಂದರೆ ಕೂರುವ ಕಲ್ಲು,
ಬಾರದಿದ್ದರೆ ಏರುವ ಗೇರುಮರ.
ತೋಟೆ ಆರು. ಟಾರ್ಚು ಎರಡು.
ಕುಞಂಬು ಮಣಿಯಾಣಿಯ ಕೆಮ್ಮು ಒಂದು,
ಅದನ್ನು ಮನೆಯಲ್ಲೇ ಬಿಟ್ಟು ಬರಲು ಹೇಳಿದ್ದೇನೆ.

ರಬ್ಬರಿನ ಔಸೇಪ್ಪಚ್ಚ ಕೇಳುವ ಮೊದಲೇ ಸಹಿ ಹಾಕಿದರು.
"ಹೊಡಿ ಹೊಡಿ. ಹೂಳುವುದು ಮಾತ್ರ..." ಎಂದು
ಕಾಳುಮೆಣಸಿನ ಡಬ್ಬದ ಕಡೆ ನೋಡಿ ನಿಟ್ಟುಸಿರಿಟ್ಟರು.
ಐತ್ತಪ್ಪ ರೈಗಳು ಚಾವಡಿಯಲ್ಲಿ ಕೂರಿಸಿ ಮಜ್ಜಿಗೆ ಕೊಟ್ಟು
ಹೋದ ಭತ್ತದ ಲೆಕ್ಕ ಸೇರು ಸೇರಾಗಿ ಹೇಳಿ
ಕಡೆಗೆ, "ಅತ್ತಿಮರದಿಂದ ಆಚೆ ಬೇಡ.
ಅಲ್ಲಿ ನಮ್ಮದೊಂದು ಕಲ್ಲುಂಟು, ಹೆಸರು ಹೇಳುವುದಿಲ್ಲ,
ನೀನು ಹೊಡೆಯಹೊರಟದ್ದರ ಮುಖವೇ ಅದಕ್ಕೆ" ಎಂದರು.
ನಕ್ಷೆಯಲ್ಲಿ ಅತ್ತಿಮರಕ್ಕೆ ಒಂದು ಸುತ್ತು.
ಲಿಲ್ಲಿ ಕ್ರಾಸ್ತಾ ಟೀಚರು ನನ್ನ ಒಪ್ಪಿಗೆಪತ್ರ ಪೂರ್ತಿ ಓದಿದರು,
ಎರಡು ಒತ್ತಕ್ಷರ ತಿದ್ದಿದರು.
"ಮಕ್ಕಳ ಪರೀಕ್ಷೆ. ಹತ್ತರ ಮೇಲೆ ಶಬ್ದ ಕೂಡದು."
ಹಂದಿ ಬರುವುದು ಎರಡು ಗಂಟೆಗೆ, ಟೀಚರೇ.
"ಹಾಗಾದರೆ ಏಪ್ರಿಲಿನಲ್ಲಿ ಬರಲಿ."

ಆಯಿಷುಮ್ಮನ ಮರಗೆಣಸು ಅರ್ಧ ಎಕರೆ,
ನಕ್ಷೆಯ ಸರಿ ನಡುವಿಗೆ.
ಸಾಲಿಗೆ ಸಾಲೇ ಮಗುಚಿ ಹಾಕಿದ್ದವು.
ಇವರು ಒಪ್ಪದೆ ಇನ್ಯಾರು ಎಂದು
ಪೆನ್ನಿನ ಮುಚ್ಚಳ ತೆಗೆದೇ ಅಂಗಳ ಹೊಕ್ಕೆ.
ಅವರು ನನ್ನನ್ನು ನೋಡಲಿಲ್ಲ. ಹೆಗಲನ್ನು ನೋಡಿದರು.
"ಇದು ನಿನ್ನಪ್ಪನ ಬೆಡಿ."
ಹೌದು.
"ಹಿಡಿ ಬದಲಿಸಲಿಲ್ಲ."
ಇಲ್ಲ.
ಒಂದು ಗೆಣಸಿನ ಸಿಪ್ಪೆ ಪೂರ್ತಿ ಸುಲಿಯುವವರೆಗೆ ಮಾತಿಲ್ಲ.
"ಆ ವರ್ಷವೂ ಕೇಳಿಯೇ ಬಂದಿದ್ದರು.
ನಮ್ಮ ಬಾಪ್ಪ ಹೂಂ ಅಂದರು.
ಪೊದೆ ಅಲುಗಿತು. ನನ್ನ ತಮ್ಮ ಅದ್ರಾಮ
ಬೀಡಿ ಹಚ್ಚಲು ಬಗ್ಗಿದ್ದ."

ನನಗಾಗ ಆರು ವರ್ಷ. ನಮ್ಮಲ್ಲಿ ಹೇಳಿದ್ದು
ಬೇಟೆಯ ದಿನ ಯಾರೋ ಪಾರೆಯಿಂದ ಜಾರಿದರು ಎಂದು.

"ಹಂದಿ ತಿನ್ನಲಿ. ಗೆಣಸು ಮತ್ತೆ ನೆಡಬಹುದು."
ಪೆನ್ನಿಗೆ ಮುಚ್ಚಳ ಹಾಕಿದೆ.

ಶುಕ್ರವಾರ ರಾತ್ರಿ ಗಾಳಿ ಸರಿಯಿತ್ತು.
ಎರಡು ಕಳೆದು ಹತ್ತು ನಿಮಿಷ. ಒಂಟಿ ಗಂಡು,
ಬೆನ್ನ ಕೂದಲು ತಿಂಗಳ ಬೆಳಕಿಗೆ ಗರಗಸ.
ಔಸೇಪ್ಪಚ್ಚನ ಗಡಿಯ ಮುರಕಲ್ಲಿಗೆ ಮೈ ತಿಕ್ಕುತ್ತ ನಿಂತಿತು,
ತಲೆ ರಬ್ಬರಿನಲ್ಲಿ, ಹೊಟ್ಟೆ ಗೆಣಸಿನಲ್ಲಿ.
ಕುಞಂಬು ಮೊಣಕೈಯಿಂದ ತಿವಿದ.
ತಲೆಗೆ ಒಪ್ಪಿಗೆ ಇತ್ತು.
ಹೊಡೆದರೆ ಬೀಳುವುದು ಯಾವ ಕಡೆ?
ಬೆಡಿಯ ಹಿಡಿಯಲ್ಲಿ ಅಪ್ಪನ ಕೆನ್ನೆ ತೇದು ಮಾಡಿದ ತಗ್ಗು.
ಅದು ನನಗೂ ಸರಿಯಾಗಿ ಕೂರುತ್ತದೆಂದು
ಅದೇ ಮೊದಲು ತಿಳಿದದ್ದು.

ಆಗ, ಮನೆಯಲ್ಲಿ ಬಿಟ್ಟು ಬಂದಿದ್ದ ಕೆಮ್ಮು
ಕುಞಂಬುವಿನ ಗಂಟಲಿಗೆ ಬಂದು ಮುಟ್ಟಿತು.
ಹಂದಿ ಎಲ್ಲರ ಜಾಗವನ್ನೂ ಹಾದುಹೋಯಿತು,
ಅತ್ತಿಮರದ ಆಚೆಗೂ.

ವರದಿ ಬರೆದು ಕೊಡಲೇಬೇಕಂತೆ.
ಕೊಂದ ಹಂದಿ: ಇಲ್ಲ. ಖರ್ಚಾದ ತೋಟೆ: ಇಲ್ಲ.
ಕಾರಣ ಎಂಬಲ್ಲಿ ಕನ್ನಡದಲ್ಲೇ ಬರೆದೆ:
ಹಂದಿ ಗಡಿಯಲ್ಲಿ ನಿಂತಿತ್ತು.
ಕಣ್ಣೂರಿನಿಂದ ಬಂದ ಹೊಸ ಗುಮಾಸ್ತೆ
ಕಾಗದ ಅಡ್ಡ ಹಿಡಿದಳು, ಉದ್ದ ಹಿಡಿದಳು. "ಇದೆಂದಾ?"
ಅತಿರು, ಎಂದೆ, ಅವಳ ಭಾಷೆಯಲ್ಲಿ.
"ಕರ್ನಾಟಕದ್ದಾ?"
ಅಲ್ಲ. ಆಯಿಷುಮ್ಮನದ್ದು.
ಅವಳು ಅದನ್ನೂ ಬರೆದುಕೊಂಡಳು.